"ತೀನ್" ಎಂದ ಮಗುವಿಗೆ ಮೂರು ಗೊತ್ತಿದೆ

ಕಾರವಾರದ ಅಂಗನವಾಡಿಯೊಂದರಲ್ಲಿ ಮೂರು ಚಿಪ್ಪು ಮುಂದಿಟ್ಟು "ಎಷ್ಟಿವೆ?" ಎಂದು ಕೇಳಿದರೆ ಕೊಂಕಣಿ ಮನೆಯ ಮಗು "ತೀನ್" ಎನ್ನಬಹುದು. ಅದಕ್ಕೆ ಲೆಕ್ಕ ಬರುತ್ತದೆ, ಕನ್ನಡದ ಹೆಸರೊಂದೇ ಬರುವುದಿಲ್ಲ. "ತಪ್ಪು" ಎಂದರೆ ನಾಳೆಯಿಂದ ಬಾಯಿಯೇ ಬಿಡದು. "ಹೌದು, ತೀನ್. ಮೂರು ಚಿಪ್ಪು" ಎಂದರೆ ಸಾಕು. ಕಿಟಕಿ ತೋರಿಸಿ "ಪಾವ್ಸ" ಎಂದಾಗಲೂ ಹೀಗೆಯೇ: "ಹೌದು, ಪಾವ್ಸ. ಜೋರು ಮಳೆ ಬಂತು."

ಭಟ್ಕಳದ ಎಷ್ಟೋ ಮನೆಗಳಲ್ಲಿ ಮಾತು ನವಾಯತಿ, ಶಿರಸಿಯ ಕಡೆ ಹವ್ಯಕ ಕನ್ನಡ. ನಮ್ಮ ಜಿಲ್ಲೆಯಲ್ಲಿ ಮನೆಮಾತೂ ಪಾಠದ ಮಾತೂ ಒಂದೇ ಆಗಿರಬೇಕೆಂದೇನಿಲ್ಲ. ಹೊಸ ಭಾಷೆಯ ನಡುವೆ ಕೂತ ಮಗು ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಟ್ಟಲೆ, ಬರೀ ಕೇಳಿಸಿಕೊಳ್ಳುತ್ತದೆ. ಅದನ್ನು ಮಂದಬುದ್ಧಿ ಎನ್ನುವುದು ದೊಡ್ಡ ಅನ್ಯಾಯ. ಮಗುವಿಗೆ ಎಷ್ಟು ಪದ ಬರುತ್ತದೆಂದು ನೋಡುವಾಗ ಎರಡೂ ಭಾಷೆಯವನ್ನು ಸೇರಿಸಿ ಎಣಿಸಬೇಕು. ಆದರೆ 3 ವರ್ಷವಾದರೂ ಮನೆಯಲ್ಲೂ ಎರಡು ಪದ ಕೂಡಿಸದಿದ್ದರೆ, ಹಿಂದಿನಿಂದ ಕರೆದರೆ ತಿರುಗದಿದ್ದರೆ, ಕಾಯಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಮಕ್ಕಳ ಆರೋಗ್ಯ ತಪಾಸಣೆ ಮಾಡುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ಬಂದಾಗಲೂ ಇದನ್ನು ಹೇಳಬಹುದು.

ಕಥೆಯ ಹೊತ್ತಿನಲ್ಲಿ 20 ಮಕ್ಕಳನ್ನು ಒಟ್ಟಿಗೆ ಕೂರಿಸಿದರೆ ಮುಂದಿನ ನಾಲ್ಕೈದು ಮಕ್ಕಳದ್ದೇ ಮಾತು. ಆರೇಳು ಮಕ್ಕಳ ಗುಂಪು ಮಾಡಿ, ಉಳಿದವರಿಗೆ ಮಣ್ಣಿನ ಮುದ್ದೆ ಕೊಡಿ. ವಾರವಿಡೀ ಒಂದೇ ಕಥೆ ಇರಲಿ. ಬೇಸರವಾಗುವುದು ದೊಡ್ಡವರಿಗೆ, ಮಕ್ಕಳಿಗಲ್ಲ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸುವವರೆಗೆ ಸುಮ್ಮನಿರಿ. ಅಕ್ಕೋರೇ (ಅಂಗನವಾಡಿ ಶಿಕ್ಷಕಿಯೇ) ಉತ್ತರ ಹೇಳಿಬಿಡುವುದರಿಂದ ಎಷ್ಟೋ ಮಕ್ಕಳ ಮಾತು ಅಲ್ಲೇ ನಿಂತುಹೋಗುತ್ತದೆ.

"ಪಟ್ಟಿಯಲ್ಲಿ (ನೋಟ್‌ಬುಕ್ಕಿನಲ್ಲಿ) ಇನ್ನೂ ಏನೂ ಬರೆಸಿಲ್ಲವಲ್ಲ?" ಎನ್ನುವ ಪಾಲಕರಿಗೆ ಒಂದು ಮಾತು. ಮಣಿಕಟ್ಟಿನ 8 ಪುಟ್ಟ ಎಲುಬುಗಳಲ್ಲಿ ಹಲವು ಅಂಗನವಾಡಿಯ ವಯಸ್ಸಿಗೆ ಇನ್ನೂ ಗಟ್ಟಿಯಾಗದ ಮೃದ್ವಸ್ಥಿಯಾಗಿಯೇ ಇರುತ್ತವೆ, ಬೆರಳಿನ ಸ್ನಾಯುಗಳೂ ಎಳೆಯವು. ಈಗಲೇ ಕೈ ಹಿಡಿದು ತಿದ್ದಿಸಿದರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಬಿಗಿಹಿಡಿಯುತ್ತದೆ, ಆ ಹಿಡಿತ ಬಿಡಿಸುವುದು ಮುಂದೆ ಕಷ್ಟ. ದಿನಕ್ಕೆ 10–15 ನಿಮಿಷ ಮಣ್ಣು ನಾದುವುದು, ಒದ್ದೆ ಬಟ್ಟೆ ಹಿಂಡುವುದು, ತೆಂಗಿನ ಗರಿ ಹೆಣೆಯುವುದು: ಬರವಣಿಗೆಗೆ ಕೈ ತಯಾರಾಗುವುದು ಇದರಿಂದಲೇ. ಬಣ್ಣದ ಕ್ರೇಯಾನ್‌ಗಳನ್ನು ತುಂಡು ಮಾಡಿ, ಮಗು ಬಾಯಿಗೆ ಹಾಕದಂತೆ ನೋಡುತ್ತಲೇ ಕೊಡಿ. ತುಂಡು ಮುಷ್ಟಿಗೆ ಸಿಗದು, ಬೆರಳ ತುದಿಯಲ್ಲೇ ಹಿಡಿಯಬೇಕಾಗುತ್ತದೆ.

ಇಪ್ಪತ್ತರವರೆಗೆ ಹಾಡಿದಂತೆ ಹೇಳುವುದು ಎಣಿಕೆಯಲ್ಲ. ಮೊದಲು ಮೂರು, ಆಮೇಲೆ ಐದು ಸಿಪ್ಪೆ ಸುಲಿಯದ ಒಣ ಅಡಿಕೆ ಕೊಟ್ಟು ಒಂದೊಂದನ್ನೇ ತಟ್ಟೆಗೆ ಹಾಕುತ್ತ ಎಣಿಸಲು ಹೇಳಿ. ಬರೀ ಬೆರಳಿಟ್ಟರೆ ಒಂದನ್ನೇ ಎರಡು ಸಲ ಎಣಿಸುತ್ತವೆ, ಎತ್ತಿ ಹಾಕಿದರೆ ತಪ್ಪುವುದು ಕಡಿಮೆ. ಕೊನೆಗೆ "ಒಟ್ಟು ಎಷ್ಟು?" ಎಂದಾಗ ಮತ್ತೆ ಒಂದರಿಂದ ಶುರುಮಾಡಿದರೆ, ಕೊನೆಯ ಸಂಖ್ಯೆಯೇ ಒಟ್ಟು ಎಂಬುದು ಇನ್ನೂ ತಿಳಿದಿಲ್ಲ, ಐದಕ್ಕೆ ಹೋಗದೆ ಮೂರರಲ್ಲೇ ಇರಿ. ಹುಣಸೆಬೀಜ, ಸಣ್ಣ ಚಿಪ್ಪು ಬೇಡ. ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳುವಷ್ಟು ಸಣ್ಣದೆಲ್ಲ ಅಪಾಯ.

ಮಳೆಗಾಲದಲ್ಲಿ ಅಂಗಳ ಇಲ್ಲ. ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದು ನಡಿಗೆ, ಕಪ್ಪೆ ಜಿಗಿತ, ಹತ್ತು ನಿಮಿಷ. ಇದು ಕಥೆಗೆ ಮುಂಚೆಯೇ ಆಗಬೇಕು.

ಮನೆಯವರು ಕೊಂಕಣಿ ಬಿಟ್ಟು ಅರ್ಧಂಬರ್ಧ ಕನ್ನಡವನ್ನೋ ಇಂಗ್ಲಿಷನ್ನೋ ಆಡುವುದು ಬೇಡ. ಮಗು ಮನೆಗೆ ಬಂದಾಗ "ಏನು ಬರೆದೆ?" ಎನ್ನುವ ಬದಲು "ಅಕ್ಕೋರು ಯಾವ ಕಥೆ ಹೇಳಿದ್ರು?" ಎಂದು ಮನೆಮಾತಿನಲ್ಲೇ ಕೇಳಿ, ಅದು ಹೇಳಿ ಮುಗಿಸುವವರೆಗೆ ಕೂತಿರಿ.