ಪುಣೆಯಲ್ಲಿ ಕಾರಿನ ಟೈರ್ ಎಲ್ಲಿ ಹಾಕಿಸಬೇಕು?

ಓದುಗರ ಪ್ರಶ್ನೆ: ನಾವು ಹುಬ್ಬಳ್ಳಿ ಕಡೆಯವರು, ಪುಣೆಯ ವಾಕಡ್‌ನಲ್ಲಿ ಇದ್ದೇವೆ. ನಮ್ಮ ಸ್ವಿಫ್ಟ್ ಕಾರಿನ ಟೈರ್ ಸವೆದಿವೆ. ಸರ್ವಿಸ್ ಸೆಂಟರ್‌ನವರು ಒಂದು ರೇಟು ಹೇಳುತ್ತಾರೆ, ಹೆದ್ದಾರಿ ಪಕ್ಕದ ಅಂಗಡಿಯವರು ಇನ್ನೊಂದು, ಆನ್‌ಲೈನ್‌ನಲ್ಲಿ ಮತ್ತೊಂದು. ನಂಬಿ ಹೋಗುವಂಥ ಜಾಗ ಯಾವುದು? ದೀಪಾವಳಿಗೆ ಊರಿಗೆ ಹೋದಾಗ ಹುಬ್ಬಳ್ಳಿಯಲ್ಲೇ ಹಾಕಿಸಿದರೆ ಅಗ್ಗ ಆಗುತ್ತಾ?

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮನೆಗೆ ಹತ್ತಿರ ಇರುವ, ನಾಲ್ಕೈದು ಕಂಪನಿಯ ಟೈರ್ ಇಡುವ, ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿ ಮಾಡುವುದು) ಮತ್ತು ಬ್ಯಾಲೆನ್ಸಿಂಗ್ (ಚಕ್ರ ನಡುಗದಂತೆ ಚಿಕ್ಕ ತೂಕ ಅಂಟಿಸುವುದು) ಮಷಿನ್ ತನ್ನದೇ ಇರುವ ಡೀಲರ್ ಹತ್ತಿರ ಹೋಗಿ. ವಾಕಡ್, ಬಾಣೇರ್ ಕಡೆ ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಹುಡುಕಿ, ಅಥವಾ ಚಿಂಚ್‌ವಡ್, ನಿಗಡಿ ಕಡೆ ಹೋಗಿ. ಇದಕ್ಕಾಗಿ ನಾನಾ ಪೇಠದವರೆಗೆ ಹೋಗುವ ಅಗತ್ಯ ಇಲ್ಲ. ಅದು ಬಿಡಿಭಾಗಗಳ ಪೇಟೆ, ಅಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ.

ಇಂಥದ್ದೇ ಅಂಗಡಿ ಅಂತ ಹೆಸರು ಹೇಳುತ್ತಿಲ್ಲ, ಅದಕ್ಕೆ ಕಾರಣ ಇದೆ. ಟೈರ್ ಅಂಗಡಿ ಅಂದರೆ ಬೋರ್ಡ್ ಅಲ್ಲ, ಅಲ್ಲಿ ಮಷಿನ್ ಮುಂದೆ ನಿಲ್ಲುವ ಇಬ್ಬರು ಮೂವರು ಹುಡುಗರು. ಅವರು ಕೆಲಸ ಬಿಟ್ಟರೆ ಅಂಗಡಿಯೇ ಬದಲಾದ ಹಾಗೆ. ಟೈರ್ ಮಾತ್ರ ಎಲ್ಲ ಕಡೆ ಒಂದೇ. ಸಿಯೆಟ್‌ನ ಮುಖ್ಯ ಕಚೇರಿ ಮುಂಬೈಯಲ್ಲೇ ಇದೆ, ಬ್ರಿಡ್ಜ್‌ಸ್ಟೋನ್‌ಗೆ ನಮ್ಮ ಚಾಕಣ್‌ನಲ್ಲೇ ಕಾರ್ಖಾನೆ ಇದೆ, ಎಂಆರ್‌ಎಫ್‌ಗೆ ಗೋವಾದ ಉಸಗಾಂವ್‌ನಲ್ಲಿ ಒಂದು ಇದೆ, ಮೈಸೂರಿನ ನಮ್ಮ ಹಳೆಯ ವಿಕ್ರಾಂತ್ ಈಗ ಜೆಕೆ ಟೈರ್ ಕೈಯಲ್ಲಿದೆ. ಒಂದೇ ಕಂಪನಿಯ ಒಂದೇ ಮಾಡೆಲ್ ಟೈರ್ ಯಾರ ಹತ್ತಿರ ತಗೊಂಡರೂ ರಬ್ಬರ್ ಅದೇ. ಅಂಗಡಿಯಿಂದ ಅಂಗಡಿಗೆ ಬದಲಾಗುವುದು ಮೂರು ವಿಷಯ. ಟೈರ್ ಎಷ್ಟು ಹಳೆಯದು, ಅದನ್ನು ರಿಮ್‌ಗೆ ಹೇಗೆ ಕೂರಿಸುತ್ತಾರೆ, ನಾಳೆ ಏನಾದರೂ ಆದರೆ ಕಂಪನಿ ಮುಂದೆ ನಿಮ್ಮ ಪರ ಮಾತಾಡುತ್ತಾರಾ ಇಲ್ಲವಾ. ನೀವು ಅಂಗಡಿಯನ್ನು ಆರಿಸಬೇಕಾದ್ದು ಈ ಮೂರನ್ನು ನೋಡಿ. ನೂರಿನ್ನೂರು ರೂಪಾಯಿ ಕಡಿಮೆ ಅನ್ನುವುದು ಆಮೇಲಿನ ಮಾತು.

ಮನೆಯಲ್ಲೇ ಕೂತು ಮೂರು ನಾಲ್ಕು ಅಂಗಡಿಗೆ ಫೋನ್ ಮಾಡಿ. "ಟೈರ್ ರೇಟು ಎಷ್ಟು" ಅಂತ ಕೇಳಬೇಡಿ. ಫಿಟ್ಟಿಂಗ್, ಬ್ಯಾಲೆನ್ಸಿಂಗ್, ಹೊಸ ವಾಲ್ವ್, ಅಲೈನ್‌ಮೆಂಟ್, ಜಿಎಸ್‌ಟಿ ಎಲ್ಲ ಸೇರಿ, ಹಳೆ ಟೈರ್ ಅಂಗಡಿಗೇ ಕೊಟ್ಟರೆ ಒಟ್ಟು ಎಷ್ಟು ಕೊಡಬೇಕಾಗುತ್ತೆ ಅಂತ ಕೇಳಿ. ಬರೀ ಟೈರ್ ರೇಟು ಕಡಿಮೆ ಹೇಳಿ ಉಳಿದದ್ದನ್ನು ಬಿಲ್‌ನಲ್ಲಿ ಸೇರಿಸುವವರು ಅಲ್ಲೇ ಗೊತ್ತಾಗುತ್ತಾರೆ. ಇನ್ನೊಂದು ವಿಷಯ. 2025ರ ಸೆಪ್ಟೆಂಬರ್ 22ರಿಂದ ಟೈರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆ ಬಿಟ್ಟು 4,000 ರೂಪಾಯಿ ಇರುವ ಟೈರ್ ಮೊದಲು 5,120 ಆಗುತ್ತಿತ್ತು, ಈಗ 4,720. ನಾಲ್ಕು ಟೈರ್‌ಗೆ 1,600 ರೂಪಾಯಿ ಉಳಿಯುತ್ತದೆ. ಹಳೆ ಎಂಆರ್‌ಪಿ ತೋರಿಸಿ ಅದರ ಮೇಲೆ "ಡಿಸ್ಕೌಂಟ್" ಕೊಟ್ಟೆವು ಅನ್ನುವವರ ಹತ್ತಿರ ಈ ಲೆಕ್ಕ ಇಟ್ಟುಕೊಂಡೇ ಮಾತಾಡಿ.

ಫೋನಿನಲ್ಲೇ ಕೇಳಬೇಕಾದ ಇನ್ನೊಂದು ಪ್ರಶ್ನೆ ತಯಾರಿಕೆಯ ತಾರೀಖು. "ದಾದಾ, ಟಾಯರ್‌ಚೀ ತಾರೀಖ್ ಕಾಯ್ ಆಹೇ?" ಅಂತ ಮರಾಠಿಯಲ್ಲಿ ಕೇಳಿದರೆ ಒಳ್ಳೆ ಅಂಗಡಿಯವನು ಗೋಡೌನ್‌ಗೆ ಹೋಗಿ ನೋಡಿ ಹೇಳುತ್ತಾನೆ, ಫೋಟೋ ಕಳಿಸುತ್ತಾನೆ. "ಎಲ್ಲ ಫ್ರೆಶ್ ಮಾಲು ಸಾರ್, ಬನ್ನಿ" ಅಂತ ಮಾತ್ರ ಹೇಳುವವನನ್ನು ಬಿಟ್ಟುಬಿಡಿ.

ಆ ತಾರೀಖನ್ನು ನೀವೇ ಓದುವುದು ಕಲಿತರೆ ಯಾರ ಮಾತನ್ನೂ ನಂಬಿ ಕೂರಬೇಕಿಲ್ಲ. ಟೈರ್‌ನ ಪಕ್ಕದ ಗೋಡೆಯ ಮೇಲೆ, ರಿಮ್ ಕೂರುವ ಅಂಚಿಗೆ ಹತ್ತಿರ, ಡಿಒಟಿ ಅನ್ನುವ ಅಕ್ಷರಗಳ ಸಾಲು ಇರುತ್ತದೆ. ಅದರ ಕೊನೆಯಲ್ಲಿ ಮೊಟ್ಟೆ ಆಕಾರದ ಚಿಕ್ಕ ಚೌಕಟ್ಟು, ಅದರೊಳಗೆ ನಾಲ್ಕು ಅಂಕಿ. 3225 ಅಂತ ಇದ್ದರೆ 2025ರ 32ನೇ ವಾರ, ಅಂದರೆ ಆಗಸ್ಟ್‌ನಲ್ಲಿ ತಯಾರಾದದ್ದು. ಎಷ್ಟೋ ಟೈರ್‌ಗಳಲ್ಲಿ ಈ ಪೂರ್ತಿ ನಂಬರ್ ಒಂದು ಪಕ್ಕಕ್ಕೆ ಮಾತ್ರ ಇರುತ್ತದೆ. ಆ ಪಕ್ಕ ಒಳಗಡೆಗೆ ಹೋಗುವ ಹಾಗೆ ಫಿಟ್ ಮಾಡಿದರೆ ಆಮೇಲೆ ಕಾರಿನ ಕೆಳಗೆ ತೂರಿ ನೋಡಬೇಕು. ಹಾಗಾಗಿ ಟೈರ್ ಮಷಿನ್ ಹತ್ತುವ ಮೊದಲೇ ನಾಲ್ಕನ್ನೂ ನೆಲದ ಮೇಲೆ ಉರುಳಿಸಿ ನೋಡಿ, ಮೊಬೈಲ್‌ನಲ್ಲಿ ನಾಲ್ಕು ಫೋಟೋ ತೆಗೆದುಕೊಳ್ಳಿ. ನಾನಾದರೆ ಆರು ತಿಂಗಳ ಒಳಗಿನದು ಕೇಳುತ್ತೇನೆ, ಒಂದು ವರ್ಷ ದಾಟಿದ್ದು ಬೇಡ ಅನ್ನುತ್ತೇನೆ. ನೆರಳಲ್ಲಿ ಸರಿಯಾಗಿ ಇಟ್ಟ ಟೈರ್ ವರ್ಷಕ್ಕೇ ಕೆಡುವುದಿಲ್ಲ, ನಿಜ. ಆದರೆ ಎಷ್ಟೋ ಅಂಗಡಿಗಳ ಮುಂದೆ ಟೈರ್ ಜೋಡಿಸಿಟ್ಟಿರುವುದು ಬಿಸಿಲಲ್ಲೇ. ಅದೂ ಅಲ್ಲದೆ ದುಡ್ಡು ಹೊಸದಕ್ಕೆ ತಾನೇ ಕೊಡುವುದು?

ಅಳತೆಯನ್ನೂ ಆಗಲೇ ಓದಿಬಿಡಿ. 185/65 ಆರ್ 15 88 ಎಚ್ ಅಂತಿದ್ದರೆ ಅಗಲ 185 ಮಿಲಿಮೀಟರ್, ಪಕ್ಕದ ಗೋಡೆಯ ಎತ್ತರ ಆ ಅಗಲದ ಶೇ 65, ಆರ್ ಅಂದರೆ ರೇಡಿಯಲ್ (ಈಗಿನ ಕಾರುಗಳಿಗೆ ಬರುವ ಬಗೆಯ ಟೈರ್), 15 ಇಂಚಿನ ರಿಮ್. 88 ಅಂದರೆ ಒಂದು ಟೈರ್ 560 ಕಿಲೋ ಹೊರಬಹುದು. ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ. ನಿಮ್ಮ ಸ್ವಿಫ್ಟ್ ಕೆಳಗಿನ ಮಾಡೆಲ್ ಆಗಿದ್ದರೆ 165/80 ಆರ್ 14 ಇರುತ್ತದೆ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ಮತ್ತು ಕಾರಿನ ಜೊತೆ ಬಂದ ಪುಸ್ತಕ ಹೇಳಿದ್ದೇ ಕೊನೆ ಮಾತು. "ಅದೇ ಸೈಜ್ ಇಲ್ಲ, ಇದು ಸ್ವಲ್ಪ ಅಗಲ, ನಡೆಯುತ್ತೆ" ಅಂದರೆ ಒಪ್ಪಬೇಡಿ. ಭಾರದ ಅಂಕಿ ಮೊದಲಿಗಿಂತ ಕಡಿಮೆ ಇರುವುದನ್ನಂತೂ ಮುಟ್ಟಲೇಬೇಡಿ. ಐಎಸ್‌ಐ ಗುರುತು ಇದೆಯಾ ಅಂತಲೂ ನೋಡಿ, ನಮ್ಮ ದೇಶದಲ್ಲಿ ಅದು ಕಡ್ಡಾಯ.

ನಾಲ್ಕೂ ಬದಲಿಸಲೇಬೇಕಾ? ಇದನ್ನು ಅಂಗಡಿಯವನ ಬಾಯಿಂದಲೇ ಕೇಳಿ, ಅವನ ಪರೀಕ್ಷೆಯೂ ಆಗುತ್ತದೆ. ಟೈರ್‌ನ ಗೀರುಗಳ ಒಳಗೆ ಅಲ್ಲಲ್ಲಿ ಅಡ್ಡಡ್ಡ ಚಿಕ್ಕ ರಬ್ಬರ್ ದಿಣ್ಣೆ ಇರುತ್ತದೆ. ಮೇಲಿನ ರಬ್ಬರ್ ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದರೆ 1.6 ಮಿಲಿಮೀಟರ್ ಉಳಿದಿದೆ ಅಂತ ಅರ್ಥ. ಕಾನೂನಿನ ಪ್ರಕಾರ ಅದೇ ಕೊನೆ. ನಮ್ಮ ಮಳೆಗೆ, ಅದರಲ್ಲೂ ಸಾತಾರಾ ದಾರಿಯ ಖಂಬಾಟ್ಕಿ ಘಾಟ್ ಇಳಿಯುವವರಿಗೆ, 3 ಮಿಲಿಮೀಟರ್‌ಗೇ ಬದಲಿಸಿ ಅಂತ ನಾನು ಹೇಳುತ್ತೇನೆ. ಗೀರು ಆಳ ಇಲ್ಲದಿದ್ದರೆ ನೀರು ಹೊರಗೆ ಹೋಗಲು ದಾರಿ ಇರುವುದಿಲ್ಲ, ಟೈರ್ ನೀರಿನ ಮೇಲೆ ತೇಲುತ್ತದೆ, ಬ್ರೇಕ್ ಒತ್ತಿದರೂ ಕಾರು ನಿಲ್ಲುವುದಿಲ್ಲ. ಎರಡು ಟೈರ್‌ಗಳಲ್ಲಿ ಇನ್ನೂ ಒಳ್ಳೆ ಗೀರು ಇದೆ, ಎರಡೇ ಹಾಕಿಸಿ ಸಾಕು ಅಂತ ಅಂಗಡಿಯವನೇ ಹೇಳಿದರೆ ಅವನನ್ನು ನಂಬಬಹುದು. ಎರಡೇ ಹಾಕಿಸಿದರೆ ಹೊಸವು ಹಿಂದಕ್ಕೆ ಹೋಗಬೇಕು. ಎಂಜಿನ್ ಮುಂದಿನ ಚಕ್ರ ಎಳೆಯುತ್ತೆ, ಹೊಸದು ಮುಂದೆ ಹಾಕಿ ಅನ್ನುವವರು ಬಹಳ ಜನ. ಆದರೆ ಮಳೆಯಲ್ಲಿ ಹಿಂದಿನ ಚಕ್ರ ಜಾರಿದರೆ ಕಾರು ಗಿರ್ರನೆ ತಿರುಗಿಬಿಡುತ್ತದೆ, ಆಗ ಸ್ಟೇರಿಂಗ್ ಎಷ್ಟು ತಿರುಗಿಸಿದರೂ ಸಾಮಾನ್ಯ ಡ್ರೈವರ್ ಕೈಗೆ ಸಿಗುವುದಿಲ್ಲ. ಅದಕ್ಕೇ ಟೈರ್ ಕಂಪನಿಗಳು ಹೊಸ ಜೋಡಿಯನ್ನು ಹಿಂದೆ ಹಾಕಿ ಅನ್ನುತ್ತವೆ.

ಈಗ ಫಿಟ್ಟಿಂಗ್. ಇಲ್ಲಿ ಅಂಗಡಿಯ ಕಾಯುವ ಕುರ್ಚಿಯಲ್ಲಿ ಮೊಬೈಲ್ ನೋಡುತ್ತಾ ಕೂರಬೇಡಿ, ಎದ್ದು ಬಂದು ನಿಂತು ನೋಡಿ. ಒಳ್ಳೆ ಕೆಲಸ ಹೀಗಿರುತ್ತದೆ. ಹುಡುಗ ಮೊದಲು ರಿಮ್‌ಗೆ ಅಂಟಿಸಿದ್ದ ಹಳೆ ಸೀಸದ ತೂಕಗಳನ್ನೆಲ್ಲ ಕಿತ್ತು ಹಾಕುತ್ತಾನೆ. ಹಳೆ ರಬ್ಬರ್ ವಾಲ್ವ್ ಕತ್ತರಿಸಿ ಹೊಸದು ಎಳೆಯುತ್ತಾನೆ. ರಿಮ್‌ನ ಅಂಚಿನಲ್ಲಿ ಕೂತ ತುಕ್ಕು, ಕೊಳೆಯನ್ನು ತಂತಿ ಬ್ರಷ್‌ನಿಂದ ತಿಕ್ಕುತ್ತಾನೆ. ಅಲ್ಲಿ ಕೊಳೆ ಉಳಿದರೆ ಟ್ಯೂಬ್‌ಲೆಸ್ ಟೈರ್‌ನಲ್ಲಿ ಗಾಳಿ ದಿನಾ ಸ್ವಲ್ಪ ಸ್ವಲ್ಪ ಇಳಿಯುತ್ತದೆ, ಪಂಕ್ಚರ್ ಹುಡುಕಿದರೂ ಸಿಗುವುದಿಲ್ಲ. ಟೈರ್‌ನ ಅಂಚಿಗೆ ಸೋಪಿನ ಪೇಸ್ಟ್ ಸವರಿ, ಮಷಿನ್ ತಿರುಗುವಾಗ ನಿಧಾನಕ್ಕೆ ಕೂರಿಸುತ್ತಾನೆ. ಅಲಾಯ್ ರಿಮ್ ಆದರೆ ಮಷಿನ್‌ನ ತಲೆಗೆ ಪ್ಲಾಸ್ಟಿಕ್ ಕವಚ ಇರಬೇಕು, ಇಲ್ಲದಿದ್ದರೆ ಗೀರು ಗ್ಯಾರಂಟಿ. ಎರಡು ಕಬ್ಬಿಣದ ಪಟ್ಟಿ ತೂರಿಸಿ ಬಲವಂತವಾಗಿ ಎಬ್ಬಿಸುವವರ ಹತ್ತಿರ ರೇಡಿಯಲ್ ಟೈರ್ ಕೊಡಲೇಬೇಡಿ. ಅಂಚಿನ ಒಳಗಿನ ತಂತಿಗೆ ಪೆಟ್ಟಾದರೆ ಹೊರಗಿನಿಂದ ಕಾಣುವುದಿಲ್ಲ.

ಟೈರ್ ಮೇಲೆ ಬಾಣದ ಗುರುತು ಇದ್ದರೆ ಅದು ಮುಂದಕ್ಕೆ ತಿರುಗುವ ದಿಕ್ಕಿಗೇ ಇರಬೇಕು. "ಔಟ್‌ಸೈಡ್" ಅಂತ ಅಚ್ಚಾಗಿದ್ದರೆ ಆ ಮುಖ ಹೊರಗೇ ಬರಬೇಕು. ಕೊನೆಗೆ ನಟ್‌ಗಳನ್ನು ಎದುರುಬದುರಾಗಿ ಬಿಗಿಸುತ್ತಾರಾ ನೋಡಿ. ಗಾಳಿ ಗನ್ ಹಿಡಿದು ಪೂರ್ತಿ ಬಿಗಿಸಿಬಿಟ್ಟರೆ ನಾಳೆ ಘಾಟ್‌ನಲ್ಲಿ ಪಂಕ್ಚರ್ ಆದಾಗ ನಿಮ್ಮ ಕೈಯಿಂದ ಅದು ಬಿಚ್ಚುವುದಿಲ್ಲ. ಕೊನೆಯ ಬಿಗಿ ಕೈಪಾನಾದಿಂದ, ಸಾಧ್ಯವಾದರೆ ಬಿಗಿ ಎಷ್ಟು ಅಂತ ಅಳೆಯುವ ಟಾರ್ಕ್ ಪಾನಾದಿಂದ ಆಗಲಿ.

ಆಮೇಲೆ ಅಲೈನ್‌ಮೆಂಟ್. ಜನ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿ. ಮುಂದಿನ ಎರಡು ಚಕ್ರಗಳು ಒಂದಕ್ಕೊಂದು ಎಷ್ಟು ಒಳಗೆ ಅಥವಾ ಹೊರಗೆ ಮುಖ ಮಾಡಿವೆ ಅನ್ನುವುದು ಟೋ. ಅದು ತಪ್ಪಿದರೆ ಹೊಸ ಟೈರ್‌ನ ಅಂಚು ಕೆಲವೇ ಸಾವಿರ ಕಿಲೋಮೀಟರ್‌ಗೆ ತಿಂದು ಹೋಗುತ್ತದೆ. ನಿಮ್ಮ ಹಳೆ ಟೈರ್ ಮೇಲೆ ಅಂಗೈ ಅಡ್ಡ ಸವರಿ ನೋಡಿ. ಒಂದು ಕಡೆಯಿಂದ ನುಣ್ಣಗೆ, ವಾಪಸ್ ಬರುವಾಗ ಗರಗಸದ ಹಲ್ಲಿನ ಹಾಗೆ ತಾಗಿದರೆ ಟೋ ಕೆಟ್ಟಿತ್ತು ಅಂತ ತಿಳಿಯಿರಿ. ಅದನ್ನು ಅಲೈನ್‌ಮೆಂಟ್ ಮಾಡುವವನಿಗೆ ತೋರಿಸಿ. ಮೊದಲು ಎಷ್ಟಿತ್ತು, ಸರಿ ಮಾಡಿದ ಮೇಲೆ ಎಷ್ಟಾಯಿತು, ಎರಡೂ ಇರುವ ಪ್ರಿಂಟ್ ಕೇಳಿ ತಗೊಳ್ಳಿ.

ಇನ್ನು "ಸಾರ್, ಕ್ಯಾಂಬರ್ ಔಟ್ ಆಗಿದೆ, ಇನ್ನಿಷ್ಟು ಸಾವಿರ ಆಗುತ್ತೆ" ಅನ್ನುವ ಮಾತು ಬರಬಹುದು. ಕ್ಯಾಂಬರ್ ಅಂದರೆ ಚಕ್ರ ಒಳಕ್ಕೆ ಅಥವಾ ಹೊರಕ್ಕೆ ವಾಲಿರುವ ಕೋನ. ಬಹಳಷ್ಟು ಚಿಕ್ಕ ಕಾರುಗಳಲ್ಲಿ ಇದನ್ನು ತಿರುಗಿಸಿ ಸರಿ ಮಾಡಲು ಬೋಲ್ಟೇ ಕೊಟ್ಟಿರುವುದಿಲ್ಲ. ಕೆಲವು ಅಂಗಡಿಗಳಲ್ಲಿ ಹೈಡ್ರಾಲಿಕ್ ಜಾಕ್ ಹಚ್ಚಿ ಸಸ್ಪೆನ್ಷನ್ ಭಾಗವನ್ನೇ ಬಗ್ಗಿಸುತ್ತಾರೆ. ಪರದೆಯ ಮೇಲೆ ಕೆಂಪು ಹೋಗಿ ಹಸಿರು ಬರುತ್ತದೆ, ಭಾಗ ಮಾತ್ರ ಸೊಟ್ಟಗಾಗಿರುತ್ತದೆ. ಕ್ಯಾಂಬರ್ ನಿಜವಾಗಿ ತಪ್ಪಿದ್ದರೆ ಎಲ್ಲೋ ಗುಂಡಿಗೆ ಬಿದ್ದು ಏನೋ ಬಾಗಿದೆ ಅಥವಾ ಸಸ್ಪೆನ್ಷನ್‌ನ ರಬ್ಬರ್ ಬುಷ್ ಸವೆದಿದೆ. ಅದನ್ನು ಮೆಕ್ಯಾನಿಕ್ ನೋಡಿ ಬದಲಿಸಬೇಕು. ಟೈರ್ ಅಂಗಡಿಯಲ್ಲಿ ಬಗ್ಗಿಸಲು ಬಿಡಬೇಡಿ, ಎಷ್ಟೇ ಒತ್ತಾಯ ಮಾಡಿದರೂ.

ನೈಟ್ರೋಜನ್ ಬೇಕಾ ಅಂತಲೂ ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಫ್ರೀ ಆದರೆ ತುಂಬಿಸಿ, ಇಲ್ಲದಿದ್ದರೆ ಸಾದಾ ಗಾಳಿ ಸಾಕು. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಟೈರ್ ತಣ್ಣಗಿರುವಾಗ ಚೆಕ್ ಮಾಡಿಸಿ, ಅಷ್ಟೇ.

ಬಿಲ್ ವಿಷಯದಲ್ಲಿ ರಾಜಿ ಬೇಡ. "ಬಿಲ್ ಇಲ್ಲದೆ ಆದರೆ ಕಡಿಮೆ" ಅನ್ನುವವನು ನಿಮ್ಮ ವಾರಂಟಿಯನ್ನೂ ಸೇರಿಸಿ ಕಡಿಮೆ ಮಾಡುತ್ತಿದ್ದಾನೆ. "ಪಕ್ಕಂ ಬಿಲ್ ದ್ಯಾ" ಅಂತ ಕೇಳಿ. ಅದರಲ್ಲಿ ಜಿಎಸ್‌ಟಿ ನಂಬರ್, ಟೈರ್‌ನ ಮಾಡೆಲ್, ಕಾರಿನ ನಂಬರ್, ನಾಲ್ಕೂ ಟೈರ್‌ನ ಸೀರಿಯಲ್ ನಂಬರ್ ಇರಲಿ. ವಾರಂಟಿ ಕಾರ್ಡ್ ಇದ್ದರೆ ಸೀಲು ಹಾಕಿಸಿ, ಆನ್‌ಲೈನ್ ನೋಂದಣಿ ಇದ್ದರೆ ಅಲ್ಲೇ ಮಾಡಿಸಿ. ಸಾಮಾನ್ಯ ವಾರಂಟಿ ತಯಾರಿಕೆಯ ದೋಷಕ್ಕೆ ಮಾತ್ರ. ಗುಂಡಿಗೆ ಬಿದ್ದು ಪಕ್ಕ ಊದಿಕೊಂಡರೆ, ಕಲ್ಲು ಕೊಯ್ದರೆ ಸಾಮಾನ್ಯವಾಗಿ ಸಿಗುವುದಿಲ್ಲ. ಕೆಲವು ಮಾಡೆಲ್‌ಗಳಿಗೆ ಅದಕ್ಕೂ ರಕ್ಷಣೆ ಇರುತ್ತದೆ, ಕೇಳಿ ನೋಡಿ. ದೋಷ ಒಪ್ಪಿದರೂ ಎಷ್ಟು ಸವೆದಿದೆಯೋ ಅಷ್ಟನ್ನು ಕಳೆದು ಉಳಿದದ್ದಕ್ಕೆ ಮಾತ್ರ ಹಣ ಕೊಡುತ್ತಾರೆ. ಟೈರ್ ನೋಡಲು ಕಂಪನಿಯ ಎಂಜಿನಿಯರ್ ಬರುವುದು ಡೀಲರ್ ಕರೆದರೆ. ಹಾಗಾಗಿ ಕರೆಯುವ ಮನಸ್ಸಿರುವ ಡೀಲರ್ ಬೇಕು. ಬಿಲ್ ಕೊಡಲು ಒಪ್ಪದಿದ್ದರೆ ಅದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ತಪ್ಪು ವ್ಯಾಪಾರ. 1915 ನಂಬರ್‌ಗೆ ದೂರು ಕೊಡಬಹುದು.

ಹಳೆ ಟೈರ್ ಬಗ್ಗೆ ಒಂದು ಮಾತು. ಅಂಗಡಿಗೆ ಕೊಟ್ಟರೆ ಬಿಲ್‌ನಲ್ಲಿ ಸ್ವಲ್ಪ ದುಡ್ಡು ಕಡಿಮೆ ಮಾಡುತ್ತಾರೆ. ಆದರೆ ಒಂದು ಎಚ್ಚರ ಇರಲಿ. ಸವೆದ ಟೈರ್‌ಗೆ ಬಿಸಿ ಬ್ಲೇಡ್‌ನಿಂದ ಹೊಸ ಗೀರು ಕೊಯ್ದು, ಕಪ್ಪು ಬಣ್ಣ ಬಳಿದು ಮಾರುವವರು ಇದ್ದಾರೆ. ಆ ಗೀರಿನ ಕೆಳಗೆ ರಬ್ಬರ್ ಏನೂ ಉಳಿದಿರುವುದಿಲ್ಲ. ಅಂಥದ್ದನ್ನು ಹಾಕಿಕೊಂಡು ಎಕ್ಸ್‌ಪ್ರೆಸ್‌ವೇಯಲ್ಲಿ 100ರಲ್ಲಿ ಹೋಗುವವರು ಪಾಪ ಯಾರೋ ಟ್ಯಾಕ್ಸಿಯವರು, ಅವರ ಹಿಂದೆ ಮಕ್ಕಳು ಕೂತಿರುತ್ತಾರೆ. ಪಕ್ಕ ಊದಿದ, ತಂತಿ ಕಂಡ ಟೈರ್ ಆದರೆ ನಿಮ್ಮ ಕಣ್ಣೆದುರೇ ಕೊಯ್ಯಿಸಿ ಬಿಟ್ಟು ಬನ್ನಿ.

ಸರ್ವಿಸ್ ಸೆಂಟರ್‌ನಲ್ಲಿ ಕೆಲಸ ಚೆನ್ನಾಗಿರುತ್ತದೆ, ಆದರೆ ಆಯ್ಕೆ ಕಡಿಮೆ, ರೇಟು ಜಾಸ್ತಿ. ಆನ್‌ಲೈನ್‌ನಲ್ಲಿ ಕೊಳ್ಳುವುದಾದರೆ ಟೈರ್ ಕಂಪನಿಯ ಸೈಟಿನಲ್ಲೇ ಹತ್ತಿರದ ಡೀಲರ್ ಆರಿಸಿ ಕೊಳ್ಳಿ. ಟೈರ್ ಒಬ್ಬರದು, ಫಿಟ್ಟಿಂಗ್ ಇನ್ನೊಬ್ಬರದು ಆದರೆ ಸ್ಟೇರಿಂಗ್ ನಡುಗಿದಾಗ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ. ಗುರುವಾರ ಹೋಗಬೇಡಿ. ಪುಣೆಯಲ್ಲಿ ಅಂದು ಕರೆಂಟ್ ರಿಪೇರಿಗೆ ಲೈನ್ ತೆಗೆಯುವುದು ಹೆಚ್ಚು, ಮಷಿನ್ ನಿಂತರೆ ಅರ್ಧ ಕೆಲಸದಲ್ಲಿ ಕಾಯಬೇಕು. ಭಾನುವಾರ ಗಲಾಟೆ. ಬೇರೆ ಯಾವುದಾದರೂ ದಿನ ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದಂತೆ ಹೋದರೆ ಹುಡುಗರಿಗೂ ಪುರುಸೊತ್ತು ಇರುತ್ತದೆ.

ಇನ್ನು ಹುಬ್ಬಳ್ಳಿ. ಮೊದಲು ಮಹಾರಾಷ್ಟ್ರದ ಊರುಗಳಲ್ಲಿ ಊರೊಳಗೆ ಬರುವ ಸಾಮಾನಿಗೆ ಆಕ್ಟ್ರಾಯ್, ಎಲ್‌ಬಿಟಿ ಅನ್ನುವ ಸ್ಥಳೀಯ ತೆರಿಗೆ ಇದ್ದಾಗ ಹೊರಗಿನಿಂದ ಸಾಮಾನು ತಂದರೆ ಸ್ವಲ್ಪ ಉಳಿಯುತ್ತಿತ್ತು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ಪುಣೆಗೂ ಹುಬ್ಬಳ್ಳಿಗೂ ಒಂದೇ ತೆರಿಗೆ. ಉಳಿಯುವುದು ಅಂಗಡಿಯವನ ಲಾಭದಲ್ಲಿನ ವ್ಯತ್ಯಾಸ ಅಷ್ಟೇ. ಅದಕ್ಕಾಗಿ ಸವೆದ ಟೈರ್‌ನಲ್ಲಿ ಸಾತಾರಾ, ಕೊಲ್ಹಾಪುರ, ಬೆಳಗಾವಿ ದಾಟಿ ಹೋಗುವುದು ಬೇಡವೇ ಬೇಡ. ಪುಣೆಯಲ್ಲೇ, ಹೊರಡುವ ಹತ್ತು ಹದಿನೈದು ದಿನ ಮೊದಲು ಹಾಕಿಸಿ. ಹೊಸ ಟೈರ್ ಮೇಲೆ ಅಚ್ಚಿನಿಂದ ಬಂದ ಜಿಡ್ಡಿನ ಪದರ ಇರುತ್ತದೆ, ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ಹಿಡಿತ ಪೂರ್ತಿ ಬರುವುದಿಲ್ಲ. ಅಷ್ಟನ್ನು ಊರೊಳಗೆ ನಿಧಾನಕ್ಕೆ ಓಡಿಸಿ. ನಡುವೆ ಒಮ್ಮೆ ಅದೇ ಅಂಗಡಿಗೆ ಹೋಗಿ ನಟ್ ಬಿಗಿ ನೋಡಿಸಿ, 80 ದಾಟಿದಾಗ ಸ್ಟೇರಿಂಗ್ ನಡುಗಿದರೆ ಬ್ಯಾಲೆನ್ಸಿಂಗ್ ಇನ್ನೊಮ್ಮೆ ಮಾಡಿಸಿ. ಮೊದಲ ಸಲದ ಕೆಲಸ ಸರಿ ಹೋಗದಿದ್ದರೆ ಒಳ್ಳೆ ಅಂಗಡಿಯವರು ಅದಕ್ಕೆ ದುಡ್ಡು ಕೇಳುವುದಿಲ್ಲ. ಹೊರಡುವ ಹಿಂದಿನ ದಿನ ಸ್ಟೆಪ್ನಿಗೂ ಗಾಳಿ ಹಾಕಿಸಿ, ಅದರ ತಾರೀಖನ್ನೂ ಒಮ್ಮೆ ಓದಿ. ಕಾರಿನಷ್ಟೇ ವಯಸ್ಸಾಗಿ ಬಿರುಕು ಬಿಟ್ಟಿದ್ದರೆ, ನಿಮ್ಮ ಹಳೆ ನಾಲ್ಕರಲ್ಲಿ ಚೆನ್ನಾಗಿರುವ ಒಂದನ್ನು ಅದೇ ದಿನ ಸ್ಟೆಪ್ನಿ ರಿಮ್‌ಗೆ ಹಾಕಿಸಿಕೊಳ್ಳಬಹುದು, ರಿಮ್ ಅಳತೆ ಒಂದೇ ಆಗಿದ್ದರೆ.