ಜೋನ್ಸ್ ಪ್ಲಗ್: ಯಾವುದು ಹೌದು, ಯಾವುದು ಅಲ್ಲ

ಹಳೇ ರಿಗ್ (ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೋದವರ ಸೆಟ್) ಮಾರುವವರು "ಜೋನ್ಸ್ ಪ್ಲಗ್ ಸಮೇತ" ಅಂತ ಬರೆದಿರುತ್ತಾರೆ. ಜೋನ್ಸ್ ಅಂದರೆ ಹಳೇ ರಿಗ್ಗಿಗೆ ಪವರ್ ಕೊಡುವ ಕನೆಕ್ಟರಿನ ಒಂದು ನಮೂನೆ. ಫೋಟೋ ನೋಡಿದರೆ ಮೋಲೆಕ್ಸ್ ಕಂಪನಿಯ ಬಿಳಿ ನೈಲಾನ್ ಕನೆಕ್ಟರ್. ಇನ್ನೊಬ್ಬರು ಹಾಕಿದ್ದು ವಾಲ್ವ್ (ಹಳೇ ರೇಡಿಯೋದ ಗಾಜಿನ ಟ್ಯೂಬ್) ಬುಡದಂತಿರುವ ದುಂಡನೆಯ 11 ಪಿನ್ನಿನದು. ರಿಗ್ಗಿನ ಹಿಂಬದಿಯಲ್ಲಿದ್ದು, ನಾಲ್ಕಾರು ಪಿನ್ ಇದ್ದರೆ ಸಾಕು, ಜೋನ್ಸ್! ಹೆಸರು ಯಾವುದಾದರೇನು, ಕರೆಂಟ್ ಹರಿಯುತ್ತದಲ್ವಾ ಅನ್ನುತ್ತೀರಿ. ಹರಿಯುತ್ತದೆ. ಎಲ್ಲಿಗೆ ಅನ್ನೋದೇ ತಕರಾರು.

ಹೋವರ್ಡ್ ಬಿ. ಜೋನ್ಸ್ ಅನ್ನೋದು ಅಮೆರಿಕದ ಶಿಕಾಗೋದಲ್ಲಿದ್ದ ಕಂಪನಿ. ಅದೇ ಊರಿನ ಸಿಂಚ್ ಕಂಪನಿ ಅದನ್ನು ತನ್ನೊಳಗೆ ಸೇರಿಸಿಕೊಂಡ ಮೇಲೆ ಕ್ಯಾಟಲಾಗಿನಲ್ಲಿ 'ಸಿಂಚ್-ಜೋನ್ಸ್' ಆಯಿತು. ಹ್ಯಾಮ್‌ಗಳ ಬಾಯಲ್ಲಿ ಜೋನ್ಸ್ ಮಾತ್ರ ಉಳಿಯಿತು. 2010ರಲ್ಲಿ ಸಿಂಚ್ ಕೂಡ ಬೆಲ್ ಫ್ಯೂಸ್ ಕೈಸೇರಿತು. ಇದೇ ಆಕಾರದ ಕನೆಕ್ಟರನ್ನು ಬೋ ಅನ್ನುವ ಹೆಸರಿನಲ್ಲೂ ಮಾಡುತ್ತಿದ್ದರು, ಆ ಬೋ ಹೋಗಿ ಸೇರಿದ್ದು ಮೋಲೆಕ್ಸ್ ಮನೆಗೆ. ಹಾಗಾಗಿ ಮೋಲೆಕ್ಸ್ ಅಂತ ಬರೆದ ಪೊಟ್ಟಣದೊಳಗೇ ಜೋನ್ಸ್ ನಮೂನೆಯದು ಬರಬಹುದು. ಪೊಟ್ಟಣ ಬಿಡಿ, ಮುಖ ನೋಡಿ.

ಮುಖದಲ್ಲಿ ಕಾಣಬೇಕಾದದ್ದು ಚಪ್ಪಟೆ ಬ್ಲೇಡುಗಳು. ಗುಂಡು ಪಿನ್ ಕಂಡರೆ ಅದು ಜೋನ್ಸ್ ಅಲ್ಲ, ಮುಗಿಯಿತು. ಕೆಲವು ಬ್ಲೇಡ್ ಅಡ್ಡ, ಕೆಲವು ನೆಟ್ಟಗೆ. ಎರಡು ಪಿನ್ನಿನದರಲ್ಲಿ ಒಂದು ಮಲಗಿ ಒಂದು ನಿಂತಿರುತ್ತದೆ. ತಿರುಗಾಮುರುಗಾ ಹಾಕಲು ಹೋದರೆ ಒಳಗೆ ಕೂರಬಾರದು ಅಂತ ಈ ಏರ್ಪಾಡು.

ಈಗ ನಿಜವಾದ ತಲೆನೋವಿಗೆ ಬರೋಣ. ಈ ಕನೆಕ್ಟರಿನ ನಂಬರ್ ಹೀಗಿರುತ್ತದೆ: ಪಿ-312-ಸಿಸಿಟಿ. 3 ಅಂದರೆ 300ರ ಸರಣಿ, 12 ಅಂದರೆ ಹನ್ನೆರಡು ಕಾಂಟ್ಯಾಕ್ಟ್, ಕೊನೆಯ ಮೂರಕ್ಷರ ಕೇಬಲ್ ಹಿಡಿದುಕೊಳ್ಳುವ ಟೊಪ್ಪಿಗೆ. ಚಾಸಿಗೆ (ರಿಗ್ಗಿನ ಲೋಹದ ಪೆಟ್ಟಿಗೆಗೆ) ಕೂರಿಸುವುದಾದರೆ ಕೊನೆಯಲ್ಲಿ ಎಬಿ. ಎಡವುವುದು ಮೊದಲ ಅಕ್ಷರದಲ್ಲಿ. ಪಿ ಅಂದರೆ ಪ್ಲಗ್, ಎಸ್ ಅಂದರೆ ಸಾಕೆಟ್. ವೈರಿನ ತುದಿಯಲ್ಲಿರುವುದು ಪ್ಲಗ್, ಪೆಟ್ಟಿಗೆಯಲ್ಲಿರುವುದು ಸಾಕೆಟ್ ಅನ್ನೋದು ನಮ್ಮ ರೂಢಿ. ಇಲ್ಲಿ ಅದು ನಡೆಯೋದಿಲ್ಲ. ಬ್ಲೇಡ್ ಹೊರಗೆ ಕಾಣುವುದು ಪ್ಲಗ್, ಅದು ಎಲ್ಲೇ ಇರಲಿ.

ಡ್ರೇಕ್ ಕಂಪನಿಯ ಟಿಆರ್-4 ರಿಗ್ ನೋಡಿ. ರಿಗ್ಗಿನ ಬೆನ್ನಿಗೆ ಇರುವುದು ಪ್ಲಗ್. ಎಸಿ-4 ಪವರ್ ಸಪ್ಲೈಯಿಂದ ಬರುವ ಕೇಬಲ್ಲಿನ ತುದಿಗೆ ಸಾಕೆಟ್. ಉಲ್ಟಾ ಅನಿಸುತ್ತದಾ? ಆ ಕೇಬಲ್ಲಿನಲ್ಲಿ ಸುಮಾರು 650 ವೋಲ್ಟ್ ಬರುತ್ತದೆ. ವೋಲ್ಟೇಜ್ ಬರುವ ಕಡೆ ಬ್ಲೇಡ್ ಹೊರಗಿರಬಾರದು, ಕೈ ತಾಗಬಾರದು. ಅದಕ್ಕೇ ಸಪ್ಲೈ ಕಡೆಗೆ ಯಾವಾಗಲೂ ಎಸ್. ಸ್ವಿಚ್ ಆಫ್ ಮಾಡಿದ್ದೇನೆ ಅನ್ನುವ ಸಮಾಧಾನವೂ ಬೇಡ, ಕೆಪಾಸಿಟರ್‌ನಲ್ಲಿ ಚಾರ್ಜ್ ನಿಂತಿರುತ್ತದೆ.

ಕೇಬಲ್ ಹಾಳಾಯಿತು, ಒಂದು ಜೋನ್ಸ್ "ಪ್ಲಗ್" ಕಳಿಸಿ ಅಂತ ಆರ್ಡರ್ ಮಾಡಿದರೆ ಅಂಗಡಿಯವನು ನಿಯತ್ತಾಗಿ ಪಿ-312 ಕಳಿಸುತ್ತಾನೆ. ಬಂದ ಮೇಲೆ ಇದು ಕೂರುತ್ತಿಲ್ಲವಲ್ಲ ಅಂತ ಚಾಸಿಯಲ್ಲಿದ್ದದ್ದನ್ನೂ ಕಿತ್ತು ಅದಲು ಬದಲು ಮಾಡುವ ಶೂರರಿದ್ದಾರೆ. ಎಲ್ಲ ಕೆಲಸ ಮಾಡುತ್ತದೆ, ನಿಜ. ಕೇಬಲ್ ಬಿಚ್ಚಿ ಮೇಜಿನ ಮೇಲಿಟ್ಟರೆ ಹನ್ನೆರಡು ಬ್ಲೇಡ್ ಬಾಯಿ ತೆರೆದುಕೊಂಡು ಕೂತಿರುತ್ತವೆ, ಅಷ್ಟೇ! ಪವರ್‌ಪೋಲ್ ಅನ್ನುವ ಕನೆಕ್ಟರ್ ಹಿಡಿದು ಬೆಳೆದವರಿಗೆ ಇದು ಹೊಳೆಯದಿದ್ದರೆ ಆಶ್ಚರ್ಯವಿಲ್ಲ. ಅದರಲ್ಲಿ ಮೇಲ್-ಫೀಮೇಲ್ ಅಂತಲೇ ಇಲ್ಲ, ಎರಡೂ ಕಡೆ ಒಂದೇ ನಮೂನೆ. ಇರೋದೂ 13.8 ವೋಲ್ಟ್.

ಇನ್ನೊಂದು ಮಾತು. ಜೋನ್ಸ್ ಅನ್ನೋದು ಆಕಾರ ಹೇಳುತ್ತದೆ, ವೈರಿಂಗ್ ಹೇಳೋದಿಲ್ಲ. ಸ್ವಾನ್ ಕಂಪನಿಯ 350 ರಿಗ್ಗಿನಲ್ಲೂ 12 ಪಿನ್ ಜೋನ್ಸ್ ಇದೆ, ಡ್ರೇಕ್‌ನಲ್ಲೂ ಇದೆ. ಯಾವ ಪಿನ್ನಿಗೆ ಹೀಟರ್ (ಟ್ಯೂಬ್ ಕಾಯಿಸುವ ಕರೆಂಟ್), ಯಾವುದಕ್ಕೆ ಬಯಾಸ್ (ಟ್ಯೂಬನ್ನು ಹತೋಟಿಯಲ್ಲಿಡುವ ವೋಲ್ಟೇಜ್), ಯಾವುದಕ್ಕೆ ಹೈ ವೋಲ್ಟೇಜ್ ಅನ್ನೋದು ಆಯಾ ಕಂಪನಿಯ ಇಷ್ಟ. ಒಂದರ ಸಪ್ಲೈ ಇನ್ನೊಂದಕ್ಕೆ ಸಲೀಸಾಗಿ ಕೂತಿತು ಅಂತ ಸುಮ್ನೆ ಸ್ವಿಚ್ ಹಾಕಬೇಡಿ. ಮ್ಯಾನುಯಲ್ ತೆಗೆದು ಒಂದೊಂದೇ ಪಿನ್ ಮೀಟರಿನಲ್ಲಿ ನೋಡಿ.

ಹೀತ್‌ಕಿಟ್ ಕಂಪನಿಯ ಎಸ್‌ಬಿ ಸರಣಿಯ ರಿಗ್ಗುಗಳಿಗೆ ಎಚ್‌ಪಿ-23 ಸಪ್ಲೈಯಿಂದ ಹೋಗುವುದು ದುಂಡನೆಯ 11 ಪಿನ್ನಿನದು, ಜೋನ್ಸ್ ಅಲ್ಲ. ಜಪಾನಿನ ಯೇಸು (Yaesu) ಕಂಪನಿಯ ಎಫ್‌ಟಿ-101 ರಿಗ್ಗಿನ ಹಿಂದೆ ಎಸಿಸಿ ಅಂತ ಬರೆದಲ್ಲಿ ಕೂರುವುದೂ ಅಲ್ಲ. ಅದಂತೂ ಪವರ್ ತರುವ ಪ್ಲಗ್ಗೇ ಅಲ್ಲ. ಒಳಗೆ ಒಂದು ಜಂಪರ್ (ಪಿನ್ನುಗಳನ್ನು ಜೋಡಿಸುವ ತುಂಡು ವೈರ್) ಇದೆ, ಟ್ರಾನ್ಸ್‌ಮಿಟ್ ಪವರ್ ಕೊಡುವ ಫೈನಲ್ ಟ್ಯೂಬುಗಳ ಹೀಟರ್ ಕರೆಂಟ್ ಅದರ ಮೂಲಕವೇ ಹೋಗಬೇಕು. ಅದು ಕಳೆದುಹೋಗಿದ್ದರೆ ರಿಸೀವರ್ ಚೆನ್ನಾಗೇ ಕೇಳುತ್ತದೆ, ಟ್ರಾನ್ಸ್‌ಮಿಟ್ ಮಾತ್ರ ಸತ್ತಿರುತ್ತದೆ. ಟ್ಯೂಬ್ ಹೋಗಿದೆ ಅಂತ ದುಡ್ಡು ಸುರಿಯುವ ಮೊದಲು ಹಿಂದೆ ತಿರುಗಿಸಿ ಆ ತೂತು ಖಾಲಿ ಇದೆಯಾ ನೋಡಿಕೊಳ್ಳಿ.