ಹೆಸರು ಬರೆಯುವ ಬದಿ

ದೊಡ್ಡಪ್ಪನ ಗಮಕ ವಾಚನದ ಕ್ಯಾಸೆಟ್‌ಗಳನ್ನು 2003ರಲ್ಲಿ ಸಿಡಿಗೆ ಇಳಿಸಿದ ದಿನ ಅದರ ಮೇಲೆ ಹೆಸರು ಬರೆದವನು ನಾನೇ. ಕೈಗೆ ಸಿಕ್ಕಿದ್ದು ಬಾಲ್‌ಪೆನ್. ನುಣುಪಾದ ಮೈಮೇಲೆ ಶಾಯಿ ಹಿಡಿಯಲಿಲ್ಲ, ಒತ್ತಿ ಒತ್ತಿ ಬರೆದೆ. ಹಿರಿಯರ ಹೆಸರೆಂದು ಅದರ ಕೆಳಗೆ ಒಂದು ಗೆರೆಯನ್ನೂ ಎಳೆದೆ. ದೊಡ್ಡಪ್ಪ ತೀರಿಕೊಂಡು ಕೆಲವು ವರ್ಷಗಳಾದ ಮೇಲೆ ಆ ಸಿಡಿಯನ್ನು ಹಾಕಿ ಕೇಳುತ್ತಿದ್ದಾಗ, ವಾಚನದ ನಡುವೆ ಒಂದು ಕಡೆ ಟಿಕ್ ಟಿಕ್ ಎಂಬ ಸದ್ದು ಶುರುವಾಯಿತು. ಸೆಕೆಂಡಿಗೆ ನಾಲ್ಕೈದು ಸಲ, ತಾಳ ಹಾಕಿದಂತೆ ಒಂದೇ ಲಯದಲ್ಲಿ, ಸುಮಾರು ಮುಕ್ಕಾಲು ನಿಮಿಷ. ಆಮೇಲೆ ಮತ್ತೆ ಅವರ ದನಿ ತಿಳಿಯಾಯಿತು.

ಸಿಡಿಯನ್ನು ಹೊರತೆಗೆದು, ಹೊಳೆಯುವ ಮುಖವನ್ನು ಟ್ಯೂಬ್‌ಲೈಟಿಗೆ ಓರೆಯಾಗಿ ಹಿಡಿದು ನೋಡಿದೆ. ಒಂದು ಗೀರೂ ಇರಲಿಲ್ಲ. ಆದರೆ ಆ ಹೊಳಪಿನೊಳಗೆ, ಕನ್ನಡಿಯಲ್ಲಿ ಕಂಡ ಹಾಗೆ ಎಡಬಲ ಅದಲುಬದಲಾಗಿ, ದೊಡ್ಡಪ್ಪನ ಹೆಸರು ಕಾಣಿಸಿತು. ಅದರ ಪಕ್ಕದಲ್ಲೇ ಆ ಗೆರೆ.

ನಾವೆಲ್ಲ ಸಿಡಿಯನ್ನು ಜೋಪಾನ ಮಾಡುತ್ತಿದ್ದ ಕ್ರಮವನ್ನು ನೆನಪಿಸಿಕೊಳ್ಳಿ. ಹೊಳೆಯುವ ಬದಿಗೆ ಬೆರಳು ತಾಗಬಾರದು, ದೂಳು ಕೂರಬಾರದು, ಮೇಜಿನ ಮೇಲೆ ಇಡುವುದಾದರೆ ಆ ಬದಿ ಮೇಲೆ ಇರಬೇಕು. ಹೆಸರು ಬರೆಯುವ ಬದಿಯ ಬಗ್ಗೆ ಯಾರೂ ಇಷ್ಟು ತಲೆ ಕೆಡಿಸಿಕೊಂಡವರಲ್ಲ. ನಿಜವಾಗಿ ಮಾಹಿತಿ ಕುಳಿತಿರುವುದು ಆ ಬದಿಯ ಹತ್ತಿರವೇ. ಸಿಡಿಯ ದಪ್ಪ 1.2 ಮಿಲಿಮೀಟರ್. ಇದರಲ್ಲಿ ಬಹುಪಾಲೆಲ್ಲ ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್. ಅದರ ನೆತ್ತಿಯ ಮೇಲೆ ಬಣ್ಣದ ರಾಸಾಯನಿಕದ ಒಂದು ಪದರ. ನಾವು ಸಿಡಿ ‘ಬರೆಯುವಾಗ’ ಲೇಸರ್‌ ಕಿರಣ ಬಿಸಿ ತಾಗಿಸಿ ಗುರುತು ಮಾಡುವುದು ಇದರಲ್ಲಿ. ಅದರ ಮೇಲೆ ಬೆಳಕನ್ನು ಹಿಂದಿರುಗಿಸುವ ಬೆಳ್ಳಿಯ ಪದರ, ದಪ್ಪ ಒಂದು ಮೈಕ್ರೊಮೀಟರಿನ (ಮಿಲಿಮೀಟರಿನ ಸಾವಿರದ ಒಂದು ಪಾಲು) ಹತ್ತನೇ ಒಂದು ಭಾಗದ ಆಸುಪಾಸು. ಎಲ್ಲಕ್ಕೂ ಮೇಲೆ ವಾರ್ನಿಷ್‌ನಂಥ ಒಂದು ಲೇಪ, ಐದರಿಂದ ಹತ್ತು ಮೈಕ್ರೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೊಮೀಟರ್ ಎಂದಿಟ್ಟುಕೊಂಡರೆ, ದೊಡ್ಡಪ್ಪನ ದನಿಗೂ ನನ್ನ ಪೆನ್ನಿನ ಮೊನೆಗೂ ನಡುವೆ ಇದ್ದದ್ದು ಕೂದಲಿನ ಹತ್ತನೇ ಒಂದು ಪಾಲಿನಷ್ಟು ಮರೆ.

ಕೆಳಗಿನ, ಅಂದರೆ ಹೊಳೆಯುವ ಬದಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಲೇಸರ್ ಕಿರಣ ಪ್ಲಾಸ್ಟಿಕ್ಕನ್ನು ಹೊಕ್ಕುವ ಜಾಗದಲ್ಲಿ ಅದರ ಅಗಲ ಸುಮಾರು 0.8 ಮಿಲಿಮೀಟರ್; ಮೇಲಿನ ಪದರ ಮುಟ್ಟುವಷ್ಟರಲ್ಲಿ ಎರಡು ಮೈಕ್ರೊಮೀಟರಿಗಿಂತ ಕಿರಿದಾಗುತ್ತದೆ. ಹೀಗಾಗಿ ಕೆಳಮೈಯ ದೂಳಿನ ಕಣವಾಗಲಿ ಸಣ್ಣ ಗೀರಾಗಲಿ ಕಿರಣದ ಸ್ವಲ್ಪ ಪಾಲನ್ನಷ್ಟೇ ತಡೆದೀತು. ಗೀರು ಆಳವಾಗಿದ್ದರೂ ಪ್ಲಾಸ್ಟಿಕ್ಕನ್ನು ಉಜ್ಜಿ ನಯ ಮಾಡಬಹುದು. ಮೇಲಿನ ಬದಿಯಲ್ಲಿ ಬೆಳ್ಳಿ ಕಿತ್ತರೆ ಅಥವಾ ನೆಗ್ಗಿದರೆ ಅದನ್ನು ಸರಿಪಡಿಸುವ ದಾರಿ ಯಾರಿಗೂ ಇಲ್ಲ.

ಬಾಲ್‌ಪೆನ್ನಿನ ತುದಿಯ ಗುಂಡು ಒಂದು ಮಿಲಿಮೀಟರ್‌ಗಿಂತ ಚಿಕ್ಕದು, ಅದರಲ್ಲೂ ಮೈಗೆ ತಾಗುವುದು ಅದರ ಒಂದು ಚುಕ್ಕೆಯಷ್ಟು ಭಾಗ. ನೂರು ಗ್ರಾಂ ತೂಕದಷ್ಟು ಮೆಲ್ಲಗೆ ಒತ್ತಿದರೂ ಆ ಚುಕ್ಕೆಯಡಿಯ ಒತ್ತಡ ಚದರ ಸೆಂಟಿಮೀಟರಿಗೆ ನೂರಾರು ಕಿಲೋಗ್ರಾಂ ಆಗುತ್ತದೆ. ಲೇಪ ನೆಗ್ಗುತ್ತದೆ, ಬೆಳ್ಳಿಯೂ ಜೊತೆಗೆ ನೆಗ್ಗುತ್ತದೆ.

ಆದರೂ ಹೆಸರಿನ ಅಕ್ಷರಗಳಿಗಿಂತ ಅದರ ಕೆಳಗಿನ ಗೆರೆಯೇ ಹೆಚ್ಚು ಹಾಳು ಮಾಡಿತ್ತು. ಸಿಡಿಯಲ್ಲಿ ಮಾಹಿತಿ ಒಳಗಿನಿಂದ ಹೊರಕ್ಕೆ ಸುತ್ತುವ ಒಂದೇ ಸುರುಳಿಯಾಗಿ ಇರುತ್ತದೆ. ಸುತ್ತಿನಿಂದ ಸುತ್ತಿಗೆ 1.6 ಮೈಕ್ರೊಮೀಟರ್ ದೂರ. ಅಲ್ಲಲ್ಲಿ ಮಾಹಿತಿ ಅಳಿದರೂ ನೆರೆಯ ಭಾಗಗಳಿಂದ ಲೆಕ್ಕ ಹಾಕಿ ತುಂಬಿಕೊಳ್ಳುವ ಒಂದು ಗಣಿತ ಅದರೊಳಗಿದೆ. ಸುರುಳಿಯ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಪೂರ್ತಿ ಹೋದರೂ ಅದು ಸರಿಪಡಿಸಬಲ್ಲದು. ಪೆನ್ನಿನ ಗೆರೆ ಸುರುಳಿಯನ್ನು ಅಡ್ಡ ಹಾಯ್ದರೆ ಪ್ರತಿ ಸುತ್ತಿನಲ್ಲಿ ಕೆಡುವುದು ಗೆರೆಯ ಅಗಲದಷ್ಟು, ಅಂದರೆ 0.3 ಮಿಲಿಮೀಟರ್ ಮಾತ್ರ. ಗಣಿತ ಅದನ್ನು ನುಂಗಿಕೊಳ್ಳುತ್ತದೆ. ಹೆಸರಿನ ಕೆಳಗೆ ಎಳೆದ ಗೆರೆ ಹಾಗಲ್ಲ. ನಡುವಿನಲ್ಲಿ ಅದು ಸುರುಳಿಯ ಜೊತೆಜೊತೆಗೇ ಸಾಗುತ್ತದೆ. ಅಲ್ಲಿ ಪ್ರತಿ ಸುತ್ತೂ ಒಂದು ಸೆಂಟಿಮೀಟರಿನವರೆಗೆ ಆ ಗೆರೆಯ ಅಡಿಗೆ ಬೀಳುತ್ತದೆ. ಅದು ಗಣಿತದ ಕೈಮೀರಿದ ಉದ್ದ. 0.3 ಮಿಲಿಮೀಟರ್ ಅಗಲದೊಳಗೆ ಇಂಥ ಸುತ್ತುಗಳು ಸುಮಾರು 190. ಆ ಜಾಗದಲ್ಲಿ ಒಂದು ಸುತ್ತಿಗೆ ಹಿಡಿಯುವ ಸಮಯ ಸೆಕೆಂಡಿನ ಐದನೇ ಒಂದು ಭಾಗದಷ್ಟು. ಗುಣಿಸಿ ನೋಡಿ: ಸುಮಾರು ನಲವತ್ತು ಸೆಕೆಂಡು. ನಾನು ಕೇಳಿದ ಆ ಟಿಕ್ ಟಿಕ್ ಲೆಕ್ಕ ತಪ್ಪದೆ ನನ್ನ ಗೆರೆಯದೇ ಸದ್ದಾಗಿತ್ತು. ಇದನ್ನು ಕಾಗದದ ಮೇಲೆ ಲೆಕ್ಕ ಹಾಕಿ ಮುಗಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನಮ್ಮ ಲಿಪಿಗೆ ಇಂಥ ಭಯ ಹೊಸದೇನಲ್ಲ. ಓಲೆಗರಿಯ ಮೇಲೆ ಕಂಟದಿಂದ ಉದ್ದನೆಯ ನೇರ ಗೆರೆ ಎಳೆದರೆ ಗರಿ ನಾರಿನ ಗುಂಟ ಸೀಳುತ್ತದೆ, ಅದಕ್ಕಾಗಿಯೇ ಕನ್ನಡದಂಥ ಲಿಪಿಗಳು ದುಂಡಗಾದವು ಎನ್ನುವ ಮಾತು ಬಹಳ ಕಾಲದಿಂದ ಇದೆ. ಬರೆಯುವ ವಸ್ತುವಿನ ನಾರು ಯಾವ ಕಡೆಗೆ ಹರಿದಿದೆ ಎಂದು ತಿಳಿದು ಬರೆಯುತ್ತಿದ್ದವರು ಆ ಲಿಪಿಕಾರರು. ಸಿಡಿಗೂ ಒಂದು ನಾರು ಇದೆ, ಅದು ಸುತ್ತಿಕೊಂಡಿದೆ.

ಒತ್ತದೆ ಬರೆಯುವ ಪೆನ್ನು ಬೇಕು ಅಂದರೆ ಮೆತ್ತನೆಯ ತುದಿಯ ಮಾರ್ಕರ್. ಅದರಲ್ಲೂ ಶಾಯಿ ಯಾವುದರಲ್ಲಿ ಕರಗಿದೆ ಎಂಬುದು ಮುಖ್ಯ. ಝೈಲೀನ್, ಟೊಲ್ವೀನ್‌ನಂಥ ಘಾಟು ದ್ರಾವಕಗಳಿರುವ ಮಾರ್ಕರ್ ಆ ತೆಳು ಲೇಪವನ್ನೇ ಮೆತ್ತಗೆ ಮಾಡಿ ಒಳಗಿಳಿಯಬಲ್ಲದು. ಮದ್ಯಸಾರದ ಶಾಯಿ ಅಷ್ಟು ಕ್ರೂರವಲ್ಲ. ನೀರಿನ ಶಾಯಿಯೇ ಎಲ್ಲಕ್ಕಿಂತ ನಿರಪಾಯ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2003ರಲ್ಲಿ ಗ್ರಂಥಾಲಯಗಳಿಗೆಂದು ಹೊರತಂದ ಕೈಪಿಡಿ ಇನ್ನೂ ಸರಳವಾದ ಜಾಗವನ್ನು ತೋರಿಸುತ್ತದೆ: ನಡುವಿನ ತೂತಿನ ಸುತ್ತ ಇರುವ ಪಾರದರ್ಶಕ ಬಳೆ. ಅಲ್ಲಿ ಬೆಳ್ಳಿಯೂ ಇಲ್ಲ, ಮಾಹಿತಿಯೂ ಇಲ್ಲ. ಒಂದು ಸೆಂಟಿಮೀಟರಿಗಿಂತ ಹೆಚ್ಚು ಅಗಲವಿದೆ. ಚಿಕ್ಕ ಅಕ್ಷರದಲ್ಲಿ ಒಂದು ಹೆಸರು, ಒಂದು ವರ್ಷ ಧಾರಾಳವಾಗಿ ಹಿಡಿಸುತ್ತದೆ.

ಡಿವಿಡಿಯ ಕಥೆ ಬೇರೆ. ಅದು 0.6 ಮಿಲಿಮೀಟರಿನ ಎರಡು ತಟ್ಟೆಗಳನ್ನು ಬೆನ್ನಿಗೆ ಬೆನ್ನು ಅಂಟಿಸಿ ಮಾಡಿದ್ದು. ಮಾಹಿತಿ ನಟ್ಟನಡುವೆ, ರೊಟ್ಟಿಯ ನಡುವಿನ ಪಲ್ಯದಂತೆ, ಎರಡೂ ಕಡೆಯಿಂದ ಸುರಕ್ಷಿತ. ಬಾಲ್‌ಪೆನ್ನಿಗೆ ಅದು ಸಿಡಿಯಷ್ಟು ಹೆದರಬೇಕಿಲ್ಲ. ಅದರ ಶತ್ರು ಕಾಗದದ ಸ್ಟಿಕ್ಕರ್.

ಮದುವೆ ಡಿವಿಡಿಗಳ ಕಾಲ ನೆನಪಿದೆಯಲ್ಲವೇ? ವಧೂವರರ ಚಿತ್ರ, ಸುತ್ತ ಮಾವಿನೆಲೆಯ ತೋರಣ, ಮೇಲೆ ನುಡಿ ತಂತ್ರಾಂಶದ ದಪ್ಪ ಅಕ್ಷರಗಳಲ್ಲಿ ಹೆಸರುಗಳು. ಇಷ್ಟನ್ನೂ ಹೊಳಪು ಕಾಗದದ ಮೇಲೆ ಮುದ್ರಿಸಿ, ದುಂಡಗೆ ಕತ್ತರಿಸಿ, ಡಿವಿಡಿಯ ಮೇಲೆ ಅಂಟಿಸಿ ಕೊಡುತ್ತಿದ್ದರು. ಕಣ್ಣಿಗೆ ಹಬ್ಬ. ನಮ್ಮ ಮನೆಯಲ್ಲಿ ಅಕ್ಕನ ಮದುವೆಯ ಡಿವಿಡಿ ಮೊದಲ ವರ್ಷ ಕೊನೆತನಕ ಓಡಿತು. ಎರಡು ಮಳೆಗಾಲ ಕಳೆದ ಮೇಲೆ ಮುಹೂರ್ತದವರೆಗೆ ಚೆನ್ನಾಗಿಯೇ ಬಂದು, ಊಟದ ಪಂಕ್ತಿಯ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆದು ನಿಂತುಬಿಡುತ್ತಿತ್ತು.

ಕಾರಣ ಕಾಗದದ ಸ್ವಭಾವ. ಮಲೆನಾಡಿನ ಮತ್ತು ಕರಾವಳಿಯ ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ. ಪ್ಲಾಸ್ಟಿಕ್ ಅಷ್ಟು ಹಿಗ್ಗಿ ಕುಗ್ಗುವುದಿಲ್ಲ. ಅಂಟಿಕೊಂಡಿರುವ ಎರಡರಲ್ಲಿ ಒಂದು ಮಾತ್ರ ಹಿಗ್ಗಿದರೆ ತಟ್ಟೆ ಬಾಗಲೇಬೇಕು, ಬಿಸಿಲಿಗೆ ಹಪ್ಪಳದ ಅಂಚು ಏಳುವ ಹಾಗೆ. ಬಾಗು ಹೆಚ್ಚು ಕಾಣುವುದು ಹೊರ ಅಂಚಿನಲ್ಲಿ, ಮಾಹಿತಿ ಓಡುವುದು ಒಳಗಿನಿಂದ ಹೊರಕ್ಕೆ. ಆದ್ದರಿಂದಲೇ ಮುಹೂರ್ತ ಉಳಿದು ಪಂಕ್ತಿ ಹೋಯಿತು. ಡಿವಿಡಿಯ ಸುತ್ತುಗಳ ನಡುವಿನ ದೂರ 0.74 ಮೈಕ್ರೊಮೀಟರ್, ಸಿಡಿಯದರ ಅರ್ಧಕ್ಕಿಂತ ಕಡಿಮೆ. ಅಷ್ಟು ಸೂಕ್ಷ್ಮವಾಗಿ ಓದುವ ಕಿರಣಕ್ಕೆ ತಟ್ಟೆ ಚೂರು ಓರೆಯಾದರೂ ಗುರಿ ತಪ್ಪುತ್ತದೆ. ಜೊತೆಗೆ ಪ್ಲೇಯರ್ ಒಳಗಿನ ಶಾಖ ಸೇರಿಕೊಳ್ಳುತ್ತದೆ.

ಇನ್ನೊಂದು ತೊಂದರೆ ಸ್ಟಿಕ್ಕರ್ ನಡುವಿಗೆ ಸರಿಯಾಗಿ ಕೂರದಿರುವುದು. ಒಂದೂವರೆ ಗ್ರಾಂ ತೂಗುವ ಸ್ಟಿಕ್ಕರ್ ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿದಿದೆ ಎಂದುಕೊಳ್ಳಿ. ಹಾಡು ಕೇಳುವ ಪ್ಲೇಯರಿನಲ್ಲಿ ಸಿಡಿ ನಿಮಿಷಕ್ಕೆ 200ರಿಂದ 500 ಸುತ್ತು ತಿರುಗುತ್ತದೆ, ಅಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಂಪ್ಯೂಟರಿನ ವೇಗದ ಡ್ರೈವ್‌ನಲ್ಲಿ ಅದೇ ತಟ್ಟೆ ನಿಮಿಷಕ್ಕೆ ಸುಮಾರು 10,000 ಸುತ್ತು ತಿರುಗಬಲ್ಲದು. ಆಗ ಅದರ ಅಂಚು ಗಂಟೆಗೆ 225 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ವೇಗ ಇಪ್ಪತ್ತು ಪಟ್ಟಾದರೆ ಎಳೆತ ನಾನೂರು ಪಟ್ಟು. ಆ ಒಂದು ಮಿಲಿಮೀಟರ್ ತಪ್ಪು ಸುಮಾರು 165 ಗ್ರಾಂ ತೂಕದ ಎಳೆತವಾಗಿ ಸೆಕೆಂಡಿಗೆ 166 ಸಲ ದಿಕ್ಕು ಬದಲಿಸುತ್ತ ತಟ್ಟೆಯನ್ನು ಅಲುಗಾಡಿಸುತ್ತದೆ. ಡ್ರೈವ್ ಗುರ್ರೆನ್ನುವುದು ಇದಕ್ಕೇ.

ಸ್ಟಿಕ್ಕರ್ ಕೀಳೋಣ ಎಂದು ಮಾತ್ರ ಹೊರಡಬೇಡಿ. ಪಕ್ಕದ ಮನೆಯವರು ಒಂದು ಹಳೆಯ ಸಿಡಿಯಿಂದ ಸ್ಟಿಕ್ಕರ್ ಎಬ್ಬಿಸಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಾಗದದ ಬೆನ್ನಿಗೆ ಬೆಳ್ಳಿಯೆಲ್ಲ ಅಂಟಿಕೊಂಡು ಬಂದು, ಅವರ ಕೈಯಲ್ಲಿ ಉಳಿದದ್ದು ಕಿಟಕಿಯ ಗಾಜಿನಷ್ಟು ನಿರ್ಮಲವಾದ ಒಂದು ಪ್ಲಾಸ್ಟಿಕ್ ಬಿಲ್ಲೆ. ಸ್ಟಿಕ್ಕರ್ ಇರುವ ಸಿಡಿಯನ್ನು ಇದ್ದ ಹಾಗೆಯೇ, ಆದಷ್ಟು ಕಡಿಮೆ ವೇಗದಲ್ಲಿ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳುವುದೇ ಸರಿ.

ಅಂದವೂ ಬೇಕು, ಅಪಾಯವೂ ಬೇಡ ಎನ್ನುವವರಿಗೆ ಇಂಕ್‌ಜೆಟ್ ಮುದ್ರಣಕ್ಕೆಂದೇ ಬಿಳಿ ಮೈಯ ಸಿಡಿಗಳು ಬಂದವು. ಆ ಬಿಳಿಪು ಶಾಯಿಯನ್ನು ಹೀರಿ ಹಿಡಿಯುವ ಲೇಪ, ಬೆಳ್ಳಿಗೆ ಅದು ಹೆಚ್ಚುವರಿ ಹೊದಿಕೆಯೂ ಹೌದು. ಎಪ್ಸನ್‌ನ ಎಲ್800ರಂಥ ಪ್ರಿಂಟರಿನಲ್ಲಿ ಸಿಡಿಯನ್ನು ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಕೂರಿಸಿ ನೇರವಾಗಿ ಒಳಕ್ಕೆ ತಳ್ಳಿದರೆ, 1.5 ಪಿಕೊಲೀಟರಿನಷ್ಟು ಕಿರಿದಾದ ಹನಿಗಳು ಯಾವ ಒತ್ತಡವೂ ಇಲ್ಲದೆ ಮೇಲಿನಿಂದ ಬೀಳುತ್ತವೆ. ಒತ್ತುವುದಿಲ್ಲ, ಎಳೆಯುವುದಿಲ್ಲ, ತೂಕವೂ ಏರುವುದಿಲ್ಲ. ಮನೆಯಲ್ಲಿ ಮಾಡಬಹುದಾದ ವಿಧಾನಗಳಲ್ಲಿ ನನ್ನ ಮತ ಇದಕ್ಕೇ. ಒಂದು ದಿನ ಒಣಗಲು ಬಿಡಬೇಕು, ಒದ್ದೆ ಕೈಯಲ್ಲಿ ಮುಟ್ಟಬಾರದು, ಅಷ್ಟೆ.

ಹೊಳೆದ ಉಪಾಯಗಳಲ್ಲಿ ಅತಿ ಸುಂದರವಾದದ್ದು ಮುದ್ರಣವೇ ಅಲ್ಲ. 2002ರಲ್ಲಿ ಯಮಾಹಾ ಕಂಪನಿಯ ಒಂದು ಡ್ರೈವ್, ಸಿಡಿಯ ಮಾಹಿತಿ ಬದಿಯಲ್ಲಿ ಖಾಲಿ ಉಳಿದ ಜಾಗದಲ್ಲಿ ಲೇಸರ್‌ನಿಂದಲೇ ಚಿತ್ರ ಬಿಡಿಸುತ್ತಿತ್ತು. ಹ್ಯೂಲೆಟ್ ಪ್ಯಾಕರ್ಡ್‌ನ ಎಂಜಿನಿಯರ್ ಡ್ಯಾರಿಲ್ ಆಂಡರ್ಸನ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ಅವರು ರೂಪಿಸಿದ ಲೈಟ್‌ಸ್ಕ್ರೈಬ್‌ನಲ್ಲಿ ಹೆಸರಿನ ಬದಿಗೂ ಶಾಖಕ್ಕೆ ಬಣ್ಣ ಬದಲಿಸುವ ಲೇಪ ಇರುತ್ತದೆ. ಹಾಡುಗಳನ್ನು ಬರೆದು ಮುಗಿಸಿ, ಸಿಡಿಯನ್ನು ಹೊರತೆಗೆದು, ದೋಸೆ ಮಗುಚಿದಂತೆ ಮಗುಚಿ ಹಾಕಿದರೆ ಅದೇ ಲೇಸರ್ ಈಗ ಹೆಸರನ್ನೂ ಚಿತ್ರವನ್ನೂ ಬರೆಯುತ್ತದೆ. ನಡುವಿನ ಬಳೆಯಲ್ಲಿ ಅಚ್ಚೊತ್ತಿದ ಸಣ್ಣ ಗುರುತುಗಳನ್ನು ಓದಿ ತಟ್ಟೆ ಯಾವ ಕೋನದಲ್ಲಿದೆ ಎಂದು ಡ್ರೈವ್ ತಿಳಿದುಕೊಳ್ಳುತ್ತಿದ್ದುದರಿಂದ, ತಿಂಗಳ ನಂತರ ಮತ್ತೊಂದು ಸಾಲು ಸೇರಿಸಿದರೂ ಅದು ಸರಿಯಾದ ಜಾಗದಲ್ಲೇ ಬೀಳುತ್ತಿತ್ತು. ಒಂದೇ ಬಣ್ಣ, ಪೂರ್ತಿ ಚಿತ್ರಕ್ಕೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಕಾಯಬೇಕು. ಬೆಳಕಿನಲ್ಲಿಟ್ಟರೆ ಮಾಸುತ್ತದೆ. ಆದರೂ ಹೆಸರನ್ನೂ ಹಾಡನ್ನೂ ಒಂದೇ ಕಿರಣದಿಂದ ಬರೆಸಿದ ಆ ಕಲ್ಪನೆಯ ಮುಂದೆ ನಾನು ಇಂದಿಗೂ ಬೆರಗಾಗುತ್ತೇನೆ.

ಈಗ ಆ ಡ್ರೈವ್‌ಗಳೂ ಇಲ್ಲ, ಅಂಥ ಸಿಡಿಗಳೂ ಸಿಗುವುದಿಲ್ಲ. 1999ರಲ್ಲಿ ಖಾಲಿ ಸಿಡಿ ತಯಾರಿಕೆಗೆ ಇಳಿದು ಜಗತ್ತಿನ ದೊಡ್ಡ ತಯಾರಕರ ಸಾಲಿಗೆ ಸೇರಿದ್ದ ನಮ್ಮ ದೇಶದ ಮೋಸರ್ ಬೇರ್ 2018ರಲ್ಲಿ ಮುಚ್ಚುವ ಹಂತಕ್ಕೆ ಬಂತು. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಸಿಡಿ ಹಾಕುವ ಜಾಗವೇ ಇರುವುದಿಲ್ಲ. ಆದರೆ ಮನೆಮನೆಯ ಬೀರುವಿನಲ್ಲಿ ಹರಿಕಥೆ, ಯಕ್ಷಗಾನ, ನಾಮಕರಣ, ಅಜ್ಜಿಯ ಸೋಬಾನೆ ಪದಗಳು ಇನ್ನೂ ಆ ತಟ್ಟೆಗಳ ಮೇಲೇ ಇವೆ, ಬೇರೆಲ್ಲೂ ನಕಲಿಲ್ಲದೆ. ಹೊರಗೆ ಹಾಕುವ ಡ್ರೈವ್ ಒಂದನ್ನು ತಂದು ಕಂಪ್ಯೂಟರಿಗೆ ಸಿಕ್ಕಿಸಿ, ಒಂದೊಂದಾಗಿ ಇಳಿಸಿಕೊಳ್ಳುವ ಕೆಲಸವನ್ನು ಈ ಮಳೆಗಾಲಕ್ಕೆ ಮುಂಚೆ ಮುಗಿಸಿ ಎಂದು ಕೇಳಿಕೊಳ್ಳುತ್ತೇನೆ.

ದೊಡ್ಡಪ್ಪನ ಸಿಡಿಯಿಂದ ನಾನು ಇಳಿಸಿಕೊಂಡದ್ದರಲ್ಲಿ ಆ ನಲವತ್ತು ಸೆಕೆಂಡು ಈಗಲೂ ಟಿಕ್ಕೆನ್ನುತ್ತದೆ. ಮೂಲ ಕ್ಯಾಸೆಟ್ ಬೂಷ್ಟು ಹಿಡಿದು ಹೋಗಿದೆ. ಅಕ್ಕನಿಗೆ ಕೊಡಲೆಂದು ಇನ್ನೊಂದು ಸಿಡಿ ಮಾಡಿ, ನೀರಿನ ಶಾಯಿಯ ಮಾರ್ಕರ್ ಹಿಡಿದು, ತೂತಿನ ಸುತ್ತಲಿನ ಬಳೆಯಲ್ಲಿ ದೊಡ್ಡಪ್ಪನ ಹೆಸರನ್ನೂ ‘ಎರಡನೇ ಪ್ರತಿ’ ಎಂಬುದನ್ನೂ ಚಿಕ್ಕದಾಗಿ ಬರೆದೆ. ಕೆಳಗೆ ಗೆರೆ ಎಳೆಯಲಿಲ್ಲ.